ಹನ್ನೆರಡಕ್ಕೆ ಇಪ್ಪತ್ತೈದು ನಿಮಿಷ

ಅಪಘಾತ ನಡೆದದ್ದು ಮಾರ್ಚ್ ಮೊದಲ ವಾರದ ಸೋಮವಾರ, ಬೆಳಿಗ್ಗೆ 11 ಗಂಟೆ 35 ನಿಮಿಷಕ್ಕೆ. ಕೊಡಿಯಾಲ್‌ಬೈಲ್‌ನ ಒಂದು ತಿರುವಿನಲ್ಲಿ ಬಿಳಿ ಬಣ್ಣದ ಹಳೆಯ ಕಾರೊಂದು ಇಂಡಿಕೇಟರ್ ಹಾಕದೆ ಬಲಕ್ಕೆ ತಿರುಗಿತು. ಎದುರಿನಿಂದ ಬರುತ್ತಿದ್ದ ಸ್ಕೂಟರ್ ಅದರ ಮುಂಭಾಗಕ್ಕೆ ಬಡಿಯಿತು. ಸ್ಕೂಟರ್ ಸವಾರ ಮುಖೇಶ್ ರಸ್ತೆಯಲ್ಲೇ ತೀರಿಕೊಂಡ. ಅವನಿಗೆ ಮೂವತ್ತಾರು ವರ್ಷ. ಬಿಜೈ ಕಡೆಯ ಬಾಡಿಗೆ ಮನೆಯೊಂದರಲ್ಲಿ ವಾಸ, ಫ್ರಿಜ್ ಮತ್ತು ಎ.ಸಿ. ರಿಪೇರಿ ಕೆಲಸ. ತಲೆಯಲ್ಲಿ ಹೆಲ್ಮೆಟ್ ಇತ್ತು. ಪೆಟ್ಟು ಬಿದ್ದದ್ದು ಎದೆಗೆ.

11.38ಕ್ಕೆ ಅವನ ಹೆಂಡತಿ ನಿರೀಕ್ಷಾ ಮನೆಯಿಂದ ಅವನಿಗೆ ಫೋನ್ ಮಾಡಿದಳು. ಬರುವಾಗ ಮಗಳು ಅನುಷ್ಕಾಳಿಗೆ ಜ್ವರದ ಸಿರಪ್ ತರಬೇಕೆಂದು ಹೇಳುವುದಕ್ಕೆ. ಫೋನ್ ಎತ್ತಿದವರು ಬೇರೆ ಯಾರೋ. "ಅಮ್ಮಾ, ಇವರು ಬಿದ್ದಿದ್ದಾರೆ. ನೀವು ಬನ್ನಿ" ಎಂದರು.

ಆ ಧ್ವನಿ ಕಾರಿನ ಮಾಲಕ ಯೂಸ್ಟೇಸ್ ಅವರದ್ದು. ಅರವತ್ತಮೂರು ವರ್ಷ. ಕುವೈತ್‌ನಲ್ಲಿ ಇಪ್ಪತ್ತೆರಡು ವರ್ಷ ಕ್ರೇನ್ ಓಡಿಸಿ ಬಂದವರು. ಅಲ್ಲಿ ಒಂದು ಅಪಘಾತವನ್ನೂ ಮಾಡಿದವರಲ್ಲ. ಅವರ ಕಾರಿನ ವಿಮೆ ಒಂಬತ್ತು ದಿನಗಳ ಹಿಂದೆ ಮುಗಿದಿತ್ತು. ನವೀಕರಿಸುವ ಲಿಂಕನ್ನು ಏಜೆಂಟ್ ಮೊಬೈಲಿಗೆ ಕಳುಹಿಸಿದ್ದರು. ಅದು ಒಂಬತ್ತು ದಿನ ಹಾಗೆಯೇ ಬಿದ್ದಿತ್ತು. ಆಂಬುಲೆನ್ಸ್‌ಗಾಗಿ ಕಾಯುತ್ತಾ ರಸ್ತೆ ಬದಿಯಲ್ಲಿ ನಿಂತಿದ್ದಾಗ ಅವರು ಆ ಲಿಂಕನ್ನು ಒತ್ತಿದರು. ಹಣ ಹೋಯಿತು, ಪಾಲಿಸಿ ಬಂತು. ಅದರಲ್ಲಿ ವಿಮೆ ಆರಂಭವಾಗುವ ಸಮಯ ಅಚ್ಚಾಗಿತ್ತು: 11.52.

ಆಂಬುಲೆನ್ಸ್ ವಾಹನಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡದ್ದರಿಂದ ಮುಖೇಶನನ್ನು ಒಂದು ಗೂಡ್ಸ್ ಟೆಂಪೊದಲ್ಲಿ ಅತ್ತಾವರದ ಆಸ್ಪತ್ರೆಗೆ ಒಯ್ದರು. ಅಲ್ಲಿನ ಪುಸ್ತಕದಲ್ಲಿ ಬರೆದ ಸಮಯ 12.15. ಎತ್ತಲು ಕೈಜೋಡಿಸಿದ ಕಾಲೇಜು ವಿದ್ಯಾರ್ಥಿಗಳು ಹೆಸರು ಹೇಳದೆ ತರಗತಿಗೆ ಹೋಗಿದ್ದರು. ಹತ್ತಿರದ ಕ್ಯಾಮೆರಾ ಇನ್ನೊಂದು ರಸ್ತೆಯ ಕಡೆಗೆ ಮುಖ ಮಾಡಿತ್ತು. ಹೀಗಾಗಿ ಅಪಘಾತದ ನಿಜವಾದ ಸಮಯ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಯೂಸ್ಟೇಸ್‌ಗೆ ಮತ್ತು ನಿರೀಕ್ಷಾಳಿಗೆ.

ಶವಾಗಾರದ ಹೊರಗಿನ ಜಗಲಿಯಲ್ಲಿ ಯೂಸ್ಟೇಸ್ ಅವಳ ಎದುರು ಬಂದು ನಿಂತರು. ಅಂಗಿಯ ತೋಳಿನಲ್ಲಿ ಮುಖೇಶನ ರಕ್ತವಿತ್ತು.

"ತಪ್ಪು ನನ್ನದೇ ಅಮ್ಮಾ. ಪೊಲೀಸರಿಗೂ ಹೇಳ್ತೇನೆ. ಆದ್ರೆ ಒಂದು ವಿಷಯ ಉಂಟು" ಎಂದು ಅವರು ಲಿಂಕಿನ ಕಥೆ ಹೇಳಿದರು. "ಹನ್ನೊಂದು ಐವತ್ತೆರಡಕ್ಕೆ ಮೊದಲು ಆದದ್ದು ಅಂತ ಬರೆದ್ರೆ ಕಂಪೆನಿ ಒಂದು ರುಪಾಯಿ ಕೊಡುದಿಲ್ಲ. ನಾನೇ ಕೊಡ್ಬೇಕು. ನನ್ನಲ್ಲಿ ಎಂತ ಉಂಟು? ಈ ಡಬ್ಬ ಕಾರು ಉಂಟು. ಮನೆ ತಮ್ಮನದ್ದು. ನಿಮಗೆ ಸಣ್ಣ ಮಗು ಉಂಟಲ್ಲ?"

ನಿರೀಕ್ಷಾ ಮನೆಯ ಲೆಕ್ಕ ಹಾಕಿದಳು. ಅತ್ತಾವರದ ಒಂದು ಔಷಧದಂಗಡಿಯಲ್ಲಿ ಅವಳಿಗೆ ಅರ್ಧ ದಿನದ ಕೆಲಸ. ಮಾವ ಚನಿಯ ಹೆಂಚಿನ ಕಾರ್ಖಾನೆಯಿಂದ ನಿವೃತ್ತರಾದವರು; ಅತ್ತೆ ಬಾಗಿಗೆ ಮಂಡಿನೋವು. ನಾಲ್ಕು ಗಂಟೆಗೆ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದವರು ತಲೆಯೆತ್ತದೆ "ಸಮಯ?" ಎಂದು ಕೇಳಿದರು.

"ಹನ್ನೆರಡು" ಎಂದಳು.

ಮನೆಗೆ ಬಂದಾಗ ಮಾವನೂ ಅದನ್ನೇ ಕೇಳಿದರು. ಸಾವಿನ ಗಳಿಗೆಯನ್ನು ಜ್ಯೋತಿಷಿಗೆ ತಿಳಿಸಬೇಕಿತ್ತು. ತೀರಿಕೊಂಡ ನಕ್ಷತ್ರ ಯಾವುದು, ದೋಷವಿದೆಯೇ, ಮನೆ ಮುಚ್ಚಬೇಕೇ ಎಂದು ನೋಡದೆ ಅವರ ಮನೆತನದಲ್ಲಿ ಯಾವ ಕ್ರಿಯೆಯೂ ಆರಂಭವಾಗುವುದಿಲ್ಲ. ಠಾಣೆಯಲ್ಲಿ ಒಂದು ಸಮಯ, ಮನೆಯಲ್ಲಿ ಇನ್ನೊಂದು ಸಮಯ ಹೇಳಿದರೆ ಎಲ್ಲಿಯಾದರೂ ಸಿಕ್ಕಿಬೀಳುತ್ತೇನೆ ಎಂದು ನಿರೀಕ್ಷಾಳಿಗೆ ಅನ್ನಿಸಿತು.

"ಹನ್ನೆರಡು ಮಾವ."

ಚನಿಯ ಅದನ್ನು ಹಾಲಿನ ಚೀಟಿಯ ಹಿಂದೆ ಬರೆದುಕೊಂಡು ಹೋದರು. ಸಂಜೆ ಬಂದು, "ಅಶ್ವಿನಿ. ದೋಷ ಎಂತ ಇಲ್ಲ" ಎಂದರು. ಅವಳು ಫೋನಿನ ಕರೆಗಳ ಪಟ್ಟಿಯಿಂದ 11.38ರ ಕರೆಯನ್ನು ಅಳಿಸಿದಳು.

ಮರುದಿನ ದಹನ, ಅಲ್ಲಿಂದ ಹದಿಮೂರನೆಯ ದಿನ ಬೊಜ್ಜ, ಅಂದರೆ ಉತ್ತರಕ್ರಿಯೆ, ನಡೆಯಿತು. ತುಳುವರ ಮನೆಗಳಲ್ಲಿ ಅಂದು ಸತ್ತವರಿಗೆ ಎಲೆ ಹಾಕಿ, ಅವರು ಬದುಕಿದ್ದಾಗ ಇಷ್ಟಪಟ್ಟು ತಿಂದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕಾಯುತ್ತಾರೆ. ಬಾಗಿ ಕೋಳಿ ಸುಕ್ಕ, ನೀರುದೋಸೆ, ಬಂಗುಡೆ ಸಾರು ಮಾಡಿದ್ದರು. ಸ್ವಲ್ಪ ಹೊತ್ತಿನ ಬಳಿಕ ಬಾಗಿಲು ತಟ್ಟಿ ಒಳಗೆ ಹೋದರು. ಎಲೆಯ ಮೇಲೆ ಬಗ್ಗಿ, ಲೋಟದ ನೀರನ್ನು ನೋಡಿ, ಬಹಳ ಹೊತ್ತು ಹಾಗೆಯೇ ನಿಂತರು.

"ಕೂತುಕೊಳ್ಳಲಿಲ್ಲ ಇವನು" ಎಂದರು.

"ನಿನ್ನ ಮಗ ಯಾವಾಗ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದದ್ದುಂಟು?" ಎಂದರು ಚನಿಯ. ಬಂದಿದ್ದ ನೆಂಟರಲ್ಲಿ ಒಂದಿಬ್ಬರು ನಕ್ಕರು. ಹೊರಗೆ ತೆಂಗಿನ ಬುಡದಲ್ಲಿ ಇಟ್ಟ ಪಿಂಡವನ್ನು ಕಾಗೆಗಳೂ ಮುಟ್ಟಲಿಲ್ಲ. ಕಟ್ಟಡದ ಕೆಲಸ ನಡೆಯುತ್ತಿದೆ, ಸದ್ದಿಗೆ ಹಾರಿಹೋಗಿವೆ ಎಂದು ಯಾರೋ ಸಮಾಧಾನ ಹೇಳಿದರು. ಅಂದು ಭಾನುವಾರ. ಕಟ್ಟಡದ ಕೆಲಸಕ್ಕೆ ರಜೆ.

ವಕೀಲ ಕಾಸಿಂ ಅವರ ಕಚೇರಿಗೆ ನಿರೀಕ್ಷಾ ಹೋದದ್ದು ಮುಂದಿನ ವಾರ. ಅವರು ಕಾಗದಗಳನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವಿಮೆ 11.52ಕ್ಕೆ ಶುರು. ಅಪಘಾತ ಹನ್ನೆರಡಕ್ಕೆ. ಎಂಟು ನಿಮಿಷ. ನೋಡಿ ಮಾರಾಯ್ರೆ, ನಾನು ನಿಮ್ಮಲ್ಲಿ ಎಂತದೂ ಕೇಳುದಿಲ್ಲ. ಆದ್ರೆ ಕಂಪೆನಿಯವರು ಸುಮ್ಮನೆ ಬಿಡುದಿಲ್ಲ. ಇಂಥ ಪಾಲಿಸಿ ಅಂದ್ರೆ ಅವರಿಗೆ ವಾಸನೆ ಬರ್ತದೆ. ತನಿಖೆಗೆ ಜನ ಕಳಿಸ್ತಾರೆ."

"ವಿಮೆ ಇಲ್ಲ ಅಂತಾದ್ರೆ?"

"ಆಗ ನ್ಯಾಯಮಂಡಳಿ ಯೂಸ್ಟೇಸ್ ಕೊಡಲಿ ಅಂತ ಹೇಳ್ತದೆ. ಕಾರು ಹರಾಜು ಹಾಕ್ತದೆ. ಅದರಲ್ಲಿ ನಿಮ್ಮ ಮಗುವಿಗೆ ಒಂದು ವರ್ಷದ ಫೀಸು ಬರಬಹುದು. ವಿಮೆ ಇದ್ರೆ ಇಪ್ಪತ್ತು ಲಕ್ಷದ ಮೇಲೆ." ಅವರು ಕನ್ನಡಕ ಹಾಕಿಕೊಂಡರು. "11.52ರ ನಂತರ ನಿಮ್ಮ ಗಂಡನನ್ನು ಜೀವಂತ ನೋಡಿದವರು ಯಾರಾದ್ರೂ ಇದ್ರೆ ಹುಡುಕಿ. ಒಬ್ಬರು ಸಾಕು."

ಅಂಥವರು ಯಾರೂ ಇರಲು ಸಾಧ್ಯವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹುಡುಕಲಿಲ್ಲ.

ಏಪ್ರಿಲ್ ಎರಡನೆಯ ವಾರ ಫೋನ್ ಬಂತು. ಮುಖೇಶ್ ತಾನು ರಿಪೇರಿ ಮಾಡಿದ ಯಂತ್ರಗಳ ಮೇಲೆ ಅಂಟಿಸುತ್ತಿದ್ದ ಚೀಟಿಯಲ್ಲಿ ನಿರೀಕ್ಷಾಳ ನಂಬರೂ ಇತ್ತು. ಮಾತನಾಡಿದವರು ಕೊಡಿಯಾಲ್‌ಬೈಲ್‌ನ ನೆಲ್ಲಿ ಟೀಚರ್, ನಿವೃತ್ತ ಶಾಲಾ ಶಿಕ್ಷಕಿ.

"ಮುಖೇಶ್‌ಗೆ ಹೇಳಮ್ಮ, ಫ್ರಿಜ್ಜಿನ ಬಾಗಿಲಿನ ರಬ್ಬರ್ ಬದಲಿಸ್ಲಿಕ್ಕೆ ಬರ್ತೇನೆ ಅಂತ ಹೇಳಿ ಹೋದವರು ಬರಲೇ ಇಲ್ಲ. ಕಂಪ್ರೆಸರ್ ಚೆನ್ನಾಗಿ ಉಂಟು. ಆ ದಿನ ಸರಿ ಮಾಡಿದ್ದಲ್ವಾ, ಅಲ್ಲಿಂದ ಒಂದು ದಿನ ಕೂಡ ತೊಂದರೆ ಕೊಡ್ಲಿಲ್ಲ."

"ಯಾವ ದಿನ ಟೀಚರ್?"

"ಇರು, ಕ್ಯಾಲೆಂಡರಲ್ಲಿ ಬರೆದದ್ದುಂಟು." ಹೆಜ್ಜೆ ಸಪ್ಪಳ, ಕಾಗದ ಮಗುಚುವ ಸದ್ದು. "ಮಾರ್ಚ್, ಮೊದಲ ಸೋಮವಾರ. 'ಫ್ರಿಜ್‌ನವರು, 11.45.' ಹೋಗುವಾಗ ಹನ್ನೆರಡು ಹೊಡೀಲಿಕ್ಕೆ ಎರಡು ನಿಮಿಷ ಇತ್ತು."

ಆ ಸೋಮವಾರ 11.45ಕ್ಕೆ ಮುಖೇಶ್ ರಸ್ತೆಯಲ್ಲಿ ಮಲಗಿದ್ದ. ಅವನ ಮುಖದ ಮೇಲೆ ಯಾರೋ ಲುಂಗಿ ಹೊದಿಸಿದ್ದರು.

ಕಾಸಿಂ ಮರುದಿನವೇ ನೆಲ್ಲಿ ಟೀಚರ ಫ್ಲಾಟಿಗೆ ಹೋಗಿ ಕ್ಯಾಲೆಂಡರಿನ ಫೋಟೊ ತೆಗೆದುಕೊಂಡು ಬಂದರು. ಸಾವಿನ ಸುದ್ದಿಯನ್ನೂ ಅವರೇ ಹೇಳಿದರು. ಹಾಲು, ಗ್ಯಾಸ್, ಪಾದ್ರಿಗಳು ಮನೆಗೆ ಬಂದದ್ದು, ಎಲ್ಲವೂ ಆ ಕ್ಯಾಲೆಂಡರಿನಲ್ಲಿ ಒಂದೇ ನೀಲಿ ಪೆನ್ನಿನಲ್ಲಿತ್ತು. ಆಮೇಲೆ ಸೇರಿಸಿದ ಗುರುತು ಇರಲಿಲ್ಲ. "ಎಪ್ಪತ್ತೆಂಟು ವರ್ಷದ ಟೀಚರ್. ಇಂಥ ಸಾಕ್ಷಿಯನ್ನು ಮಾರ್ಕೆಟಲ್ಲಿ ಕೊಳ್ಳಲಿಕ್ಕೆ ಸಿಗುದಿಲ್ಲ" ಎಂದು ಅವರು ಸಂತೋಷಪಟ್ಟರು. ಎಂಟು ನಿಮಿಷದ ಕೊರತೆಯಲ್ಲಿ ಆರು ನಿಮಿಷ ತುಂಬಿತ್ತು.

ಎರಡನೆಯ ಫೋನ್ ಮೇ ತಿಂಗಳಲ್ಲಿ. ಬಿಜೈಯ ಝುಬೈದಾ ಎಂಬವರು. ತಂಗಿಯ ಮನೆಯ ಎ.ಸಿ. ಕೆಟ್ಟಿದೆ, ಮುಖೇಶಣ್ಣನನ್ನೇ ಕಳುಹಿಸಬೇಕು ಎಂದರು. "ನಮ್ಮದನ್ನು ಮಾರ್ಚಲ್ಲಿ ಸರ್ವಿಸ್ ಮಾಡಿದ್ದು ಈಗ್ಲೂ ಐಸಿನ ಹಾಗೆ ಉಂಟು."

"ಮಾರ್ಚಲ್ಲಿ ಯಾವತ್ತು?"

"ಉಪವಾಸ ಶುರುವಾದ ಸಮಯ, ಸೋಮವಾರ. ಬರುವಾಗ ಹನ್ನೊಂದೂಮುಕ್ಕಾಲು ಆಗಿತ್ತು. ಉಪವಾಸದ ಮನೆಯಲ್ಲಿ ನೀರು ಕೇಳುದು ಬೇಡ ಅಂತ ಪಾಪ ನೀರು ಕೂಡ ಕೇಳ್ಲಿಲ್ಲ. ಹನ್ನೆರಡರ ಒಳಗೆ ಮುಗಿಸಿ ಹೋದರು."

ನಿರೀಕ್ಷಾ ಮುಖೇಶನ ಚಿಕ್ಕ ಪುಸ್ತಕವನ್ನು ಹೊರಗೆ ತೆಗೆದಳು. ಪೊಲೀಸರು ಅಂಗಿಯ ಜೇಬಿನಿಂದ ತೆಗೆದು ಕೊಟ್ಟದ್ದು. ಆ ಸೋಮವಾರದ ಪುಟದಲ್ಲಿ ಮೂರು ಕೆಲಸ ಬರೆದಿದ್ದ: ಕೊಡಿಯಾಲ್‌ಬೈಲ್, ನೆಲ್ಲಿ ಟೀಚರ್, ಫ್ರಿಜ್. ಬಿಜೈ, ಝುಬೈದಾ, ಎ.ಸಿ. ಅತ್ತಾವರ, ಬೇಕರಿ, ಫ್ರೀಜರ್. ಅವನು ಆ ದಿನ ಮನೆಯಿಂದ ಹೊರಟದ್ದು 11.25ಕ್ಕೆ. ಅದಕ್ಕೆ ಮೊದಲು ಎಲ್ಲಿಗೂ ಹೋಗಿರಲಿಲ್ಲ.

ಅವಳೇ ಬೇಕರಿಗೆ ಹೋದಳು. ಔಷಧದಂಗಡಿಯಿಂದ ಐದು ನಿಮಿಷದ ದಾರಿ. ಕ್ಯಾಶಿನಲ್ಲಿದ್ದವರು ಫ್ರೀಜರಿನ ಕಡೆ ಗಲ್ಲ ಎತ್ತಿ ತೋರಿಸಿದರು. "ಅದಾ? ಮುಖೇಶ್ ಮಾಡಿದ್ದಲ್ವಾ, ಮಾರ್ಚಲ್ಲಿ, ಮೊದಲ ಸೋಮವಾರ. ಮಧ್ಯಾಹ್ನದ ಪಫ್ಸ್ ಓವನ್ನಿಂದ ಹೊರಗೆ ಬರುವ ಹೊತ್ತು. ಅಂದ್ರೆ ಹನ್ನೊಂದೂಮುಕ್ಕಾಲು. ಒಂದು ಪಫ್ಸ್ ತಿನ್ನು ಮಾರಾಯ ಅಂದ್ರೆ, ಹನ್ನೆರಡಕ್ಕೆ ಊಟಕ್ಕೆ ಹೋಗ್ಲಿಕ್ಕುಂಟು ಅಂದ."

ಕೊಡಿಯಾಲ್‌ಬೈಲ್, ಬಿಜೈ, ಅತ್ತಾವರ. ಸೋಮವಾರದ ವಾಹನ ಸಂದಣಿಯಲ್ಲಿ ಈ ಮೂರನ್ನೂ ಸುತ್ತಿಬರಲು, ಕೆಲಸ ಮಾಡದಿದ್ದರೂ, ಒಂದು ಗಂಟೆ ಬೇಕು.

ಕಾಸಿಂ ಈ ಸಲ ಸಂತೋಷಪಡಲಿಲ್ಲ. "ಒಬ್ಬರು ಸಾಕು ಅಂತ ಹೇಳಿದ್ದೆನಲ್ಲ? ಮೂರು ಜನ ಮೂರು ಕಡೆ ಒಂದೇ ಹೊತ್ತಿಗೆ ನೋಡಿದ್ರು ಅಂದ್ರೆ ಜಡ್ಜ್ ನನ್ನನ್ನು ಹೊರಗೆ ಹಾಕ್ತಾರೆ. ಯಾರು ಕಲಿಸಿಕೊಟ್ಟದ್ದು ಇವರಿಗೆ?"

"ಯಾರೂ ಕಲಿಸ್ಲಿಲ್ಲ ಸರ್."

ಅವರು ಅವಳ ಮುಖವನ್ನು ನೋಡಿದರು. ಉಳಿದ ಇಬ್ಬರ ಹೆಸರನ್ನು ಎಲ್ಲಿಯೂ ಹೇಳಬಾರದು ಎಂದಷ್ಟೇ ತಿಳಿಸಿದರು.

ಮಳೆಗಾಲ ಮುಗಿದು ನವೆಂಬರ್ ಬಂತು. ಒಂದು ದಿನ ಮಧ್ಯಾಹ್ನ 12.05ಕ್ಕೆ ನೆಲ್ಲಿ ಟೀಚರ ಫೋನ್ ಬಂತು. ಅವರ ಧ್ವನಿ ತರಗತಿಯಲ್ಲಿ ಹಾಜರಿ ಕರೆಯುವಷ್ಟು ಸ್ಪಷ್ಟವಾಗಿತ್ತು.

"ಮಗಾ, ನನಗೆ ವಯಸ್ಸಾಯ್ತು, ಮರೆವು ಬರ್ಲಿಲ್ಲ. ನಿನ್ನ ಗಂಡ ತೀರಿಹೋದದ್ದು ನನಗೆ ಗೊತ್ತುಂಟು. ಇವತ್ತು ಬಂದಿದ್ದರು. ಬಾಗಿಲು ನಾನೇ ತೆಗೆದದ್ದು. 'ರಬ್ಬರ್ ಬದಲಿಸ್ಲಿಕ್ಕುಂಟು ಟೀಚರ್' ಅಂತ ಸೀದಾ ಅಡುಗೆಮನೆಗೆ ಹೋದರು. ನಾನು ಹಾಲ್‌ನಲ್ಲಿ ಕೂತು ಜಪಮಾಲೆ ಹಿಡಿದೆ. ಹನ್ನೆರಡಕ್ಕೆ ಸದ್ದು ನಿಂತಿತು. ಬಾಗಿಲಲ್ಲಿ ಯಾರೂ ಹೊರಗೆ ಹೋಗ್ಲಿಲ್ಲ. ಅಡುಗೆಮನೆಯಲ್ಲೂ ಯಾರೂ ಇಲ್ಲ."

"ರಬ್ಬರ್?"

"ಹೊಸದು ಹಾಕಿ ಉಂಟು."

ಅಂದು ಸಂಜೆ ಮಗಳನ್ನು ಪಕ್ಕದ ಮನೆಗೆ ಕಳುಹಿಸಿ ನಿರೀಕ್ಷಾ ಅತ್ತೆ ಮಾವನ ಎದುರು ಕುಳಿತಳು. ಲಿಂಕು, 11.38ರ ಫೋನು, ಠಾಣೆಯಲ್ಲಿ ಹೇಳಿದ ಸಮಯ, ಮೂರು ಕಡೆಯ ವಿಷಯ ಎಲ್ಲವನ್ನೂ ಹೇಳಿದಳು. ಬಾಗಿ ಅವಳನ್ನು ಬೈಯಲಿಲ್ಲ. ಚನಿಯ ಎದ್ದು, ಮೊಳೆಗೆ ಸಿಕ್ಕಿಸಿದ್ದ ಪಂಚಾಂಗ ತೆಗೆದು, ಬೆರಳನ್ನು ಸಾಲಿನ ಮೇಲೆ ಎಳೆಯುತ್ತಾ ಮಾರ್ಚ್ ತಿಂಗಳಿಗೆ ಬಂದರು.

"ರೇವತಿ, ಹನ್ನೊಂದು ನಲ್ವತ್ತಮೂರರ ತನಕ" ಎಂದು ಓದಿದರು. "ಆಮೇಲೆ ಅಶ್ವಿನಿ."

ಧನಿಷ್ಠೆಯಿಂದ ರೇವತಿಯವರೆಗಿನ ಐದು ನಕ್ಷತ್ರಗಳಲ್ಲಿ ಸತ್ತರೆ ದೋಷ. ಅದಕ್ಕೆ ಬೇರೆಯೇ ವಿಧಿ ಇದೆ, ಕೆಲವು ತಿಂಗಳು ಮನೆ ಮುಚ್ಚಿ ಹೊರಗಿರಬೇಕು. ಅಶ್ವಿನಿಗೆ ಅದು ಯಾವುದೂ ಇಲ್ಲ. ಮುಖೇಶ್ ರೇವತಿಯಲ್ಲಿ ಸತ್ತಿದ್ದ. ಅವರು ಅವನಿಗೆ ಅಶ್ವಿನಿಯ ಕ್ರಿಯೆ ಮಾಡಿದ್ದರು.

"ಹನ್ನೆರಡಕ್ಕೆ ಸತ್ತವನು ಅಂತ ಹೇಳಿ ಎಲೆ ಹಾಕಿದೆವು" ಎಂದರು ಬಾಗಿ. "ಅವನಿಗೆ ಹನ್ನೆರಡು ಆಗ್ಲೇ ಇಲ್ಲ. ಹೇಗೆ ಬಂದು ಕೂತುಕೊಳ್ತಾನೆ?"

ಮರುದಿನ ಚನಿಯ ಜ್ಯೋತಿಷಿಯ ಬಳಿ ಹೋಗಿ ಬಂದರು. ಹೇಳಲು ಮನಸ್ಸಿಲ್ಲದವರ ಹಾಗೆ ಚಪ್ಪಲಿ ಬಿಡುವುದಕ್ಕೇ ಬಹಳ ಹೊತ್ತು ತೆಗೆದುಕೊಂಡರು.

"ವಿಧಿ ಮಾಡಿಸಬಹುದಂತೆ. ಆದ್ರೆ ಒಂದು ಸಾವಿಗೆ ಎರಡು ಹೊತ್ತು ಇರ್ಲಿಕ್ಕಾಗುದಿಲ್ಲ, ಒಂದನ್ನು ತೆಗೆದು ಬನ್ನಿ ಅಂದ್ರು. ಬರೆದು ಕೊಟ್ಟಲ್ಲಿಯೂ ತೆಗೀಬೇಕು, ಬಾಯಲ್ಲಿ ಹೇಳಿದಲ್ಲಿಯೂ ತೆಗೀಬೇಕು."

ನಿರೀಕ್ಷಾ ಅತ್ತೆಯ ಕಡೆ ನೋಡಿದಳು. ಬಾಗಿ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನನ್ನ ಹತ್ರ ಕೇಳ್ಬೇಡ ಮಗಾ. ಅವನು ನನ್ನ ಮಗ. ಅನುಷ್ಕಾ ನಿನ್ನ ಮಗಳು. ನಾನು ಹೇಳಿದ್ರೆ ನನ್ನ ಮಗನ ಕಡೆ ಹೇಳ್ತೇನೆ."

ನ್ಯಾಯಮಂಡಳಿಯಲ್ಲಿ ನಿರೀಕ್ಷಾಳ ಸಾಕ್ಷ್ಯಕ್ಕೆ ಜನವರಿ ಕೊನೆಯ ವಾರದ ದಿನಾಂಕ ಕೊಟ್ಟಿದ್ದರು. ಡಿಸೆಂಬರ್ ಪೂರ್ತಿ ಅವಳು ಲೆಕ್ಕ ಹಾಕಿದಳು. ಒಂದು ದಿನ ಅನುಷ್ಕಾಳ ಕಡೆಗೆ, ಒಂದು ದಿನ ಮುಖೇಶನ ಕಡೆಗೆ. ಕೆಲವೊಮ್ಮೆ ಮೂರನೆಯ ಯೋಚನೆಯೂ ಬರುತ್ತಿತ್ತು. ಹೀಗೆಯೇ ಬಿಟ್ಟರೆ ದಿನಕ್ಕೆ ಇಪ್ಪತ್ತೈದು ನಿಮಿಷವಾದರೂ ಅವನು ಊರಿನಲ್ಲಿ ಎಲ್ಲೋ ಇರುತ್ತಾನೆ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಈ ನಡುವೆ ಅವಳ ನಂಬರಿಗೆ ಇನ್ನೂ ಕೆಲವು ಕರೆಗಳು ಬಂದವು. ಎಲ್ಲರೂ ಕೆಲಸ ಚೆನ್ನಾಗಿದೆ ಎಂದೇ ಹೇಳಿದರು. ಎಲ್ಲರೂ ಹೇಳಿದ ಹೊತ್ತು ಒಂದೇ.

ಜನವರಿ ಎರಡನೆಯ ವಾರ ನೆಲ್ಲಿ ಟೀಚರ್ ಮತ್ತೆ ಫೋನ್ ಮಾಡಿದರು. ಮಾತು ಚಿಕ್ಕದಾಗಿತ್ತು: "ಈಗ ಸೋಮವಾರ ಸೋಮವಾರ ಬರ್ತಾರೆ. ನೀನೊಮ್ಮೆ ಬಾ."

ಅವಳು ಸೋಮವಾರ ರಜೆ ಹಾಕಿ 11.30ಕ್ಕೆ ಫ್ಲಾಟಿಗೆ ಹೋದಳು. ಮೂರನೆಯ ಮಹಡಿ. ಟೀಚರ್ ಬಾಗಿಲನ್ನು ತೆರೆದೇ ಇಟ್ಟಿದ್ದರು. ಇಬ್ಬರೂ ಸೋಫಾದ ಎರಡು ತುದಿಗಳಲ್ಲಿ ಕುಳಿತರು. ಕೆಳಗೆ ರಸ್ತೆಯಲ್ಲಿ ಬಸ್ಸುಗಳ ಹಾರ್ನ್ ಕೇಳುತ್ತಿತ್ತು. ಎದುರಿನ ಗೋಡೆಯಲ್ಲಿ ಗಡಿಯಾರ. 11.45ಕ್ಕೆ, ಯಾರೂ ಒಳಗೆ ಬರುವುದು ಇಬ್ಬರಿಗೂ ಕಾಣದಿದ್ದರೂ, ಅಡುಗೆಮನೆಯಲ್ಲಿ ಸ್ಕ್ರೂ ಒಂದು ನೆಲಕ್ಕೆ ಬಿದ್ದ ಸದ್ದಾಯಿತು.

ನಿರೀಕ್ಷಾ ಎದ್ದು ಹೋಗಿ ಬಾಗಿಲ ಬಳಿ ನಿಂತಳು.

ಫ್ರಿಜ್ಜನ್ನು ಗೋಡೆಯಿಂದ ಮುಂದಕ್ಕೆ ಎಳೆಯಲಾಗಿತ್ತು. ಅದರ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತವನ ಬೆನ್ನು ಕಾಣುತ್ತಿತ್ತು. ನೀಲಿ ಚೌಕಳಿಯ ಅಂಗಿ. ಆ ಅಂಗಿಯನ್ನು ಆಸ್ಪತ್ರೆಯವರು ಕತ್ತರಿಸಿ ತೆಗೆದಿದ್ದರು. ಇಲ್ಲಿ ಅದು ಹರಿದಿರಲಿಲ್ಲ. ಬೆನ್ನಿಗೆ ಅಂಟಿಕೊಳ್ಳುವಷ್ಟು ಬೆವರಿತ್ತು. ಕೈಗಳು ಒಂದೇ ಸ್ಕ್ರೂವನ್ನು ಬಿಚ್ಚುತ್ತಿದ್ದವು, ಮತ್ತೆ ಹಾಕುತ್ತಿದ್ದವು. ಅವಳು ಆ ಕೈಗಳನ್ನು ನೋಡಿದಳು. ಬೆರಳುಗಳ ತುದಿ ಸವೆದಿತ್ತು. ಉಗುರು ಇರಬೇಕಾದ ಕಡೆ ಚಪ್ಪಟೆಯಾಗಿ, ನುಣ್ಣಗಾಗಿತ್ತು. ಬಹಳ ವರ್ಷ ಬಳಸಿದ ಸೋಪಿನ ಹಾಗೆ.

"ಗಂಟೆ ಎಷ್ಟಾಯ್ತು ಟೀಚರ್?" ತಿರುಗದೆ ಕೇಳಿದ. ಅದೇ ಧ್ವನಿ.

ಅವಳು ಹಾಲ್‌ನ ಗಡಿಯಾರ ನೋಡಿದಳು. "ಹನ್ನೊಂದು ಐವತ್ತೆರಡು."

"ಇನ್ನೂ ಹನ್ನೆರಡು ಆಗ್ಲಿಲ್ವಾ?" ಸ್ಕ್ರೂ ಬಿಚ್ಚಿದ. "ಎಷ್ಟು ಮನೆ ಆಯ್ತು ಇವತ್ತು. ಒಂದು ಮುಗಿಯುವಾಗ ಇನ್ನೊಂದು. ಸೊಂಟ ನಿಲ್ಲುದಿಲ್ಲ. ಹನ್ನೆರಡು ಆಗಿದ್ರೆ ಊಟಕ್ಕೆ ಹೋಗಬಹುದಿತ್ತು."

"ಈಗ್ಲೇ ಹೋಗಿ" ಎಂದಳು. "ಇದು ಇರ್ಲಿ. ಹೋಗಿ ಊಟ ಮಾಡಿ."

"ಹೇಗೆ ಹೋಗುದು ಮಾರಾಯ್ರೆ, ಹನ್ನೆರಡಾಗದೆ? ಮನೆಯಲ್ಲಿ ಅವಳು ಹನ್ನೆರಡು ಅಂತ ಹೇಳಿದ್ದಾಳೆ."

ಅವನು ಸ್ಕ್ರೂ ಹಾಕಿದ. ಅವಳು ಅವನ ಹೆಸರು ಕರೆದಳು. ಅವನು ತಲೆಯನ್ನು ಸ್ವಲ್ಪ ವಾಲಿಸಿದ, ಬಹಳ ದೂರದಲ್ಲಿ ಯಾರೋ ಯಾರನ್ನೋ ಕರೆದರೆ ವಾಲಿಸುವಷ್ಟು. ಮತ್ತೆ ಬಿಚ್ಚಲು ತೊಡಗಿದ. ಗಡಿಯಾರ ಹನ್ನೆರಡು ಹೊಡೆದಾಗ ಫ್ರಿಜ್ಜು ಗೋಡೆಗೆ ತಾಗಿಕೊಂಡೇ ನಿಂತಿತ್ತು. ನೆಲ ಒಣಗಿತ್ತು. ಹಾಲ್‌ನಲ್ಲಿ ನೆಲ್ಲಿ ಟೀಚರ್ ಕಣ್ಣು ಮುಚ್ಚಿಕೊಂಡು ಜಪ ಮಾಡುತ್ತಿದ್ದರು.

ನ್ಯಾಯಮಂಡಳಿಯಲ್ಲಿ ಅವಳ ಸರದಿ ಬಂದದ್ದು ಬೆಳಿಗ್ಗೆ 11.40ಕ್ಕೆ. ಹಿಂದಿನ ಬೆಂಚಿನಲ್ಲಿ ಯೂಸ್ಟೇಸ್ ಕೋಟು ಹಾಕಿಕೊಂಡು ಕುಳಿತಿದ್ದರು. ಕಾಸಿಂ ಅವಳಿಗೆ ಮೊದಲೇ ಅಭ್ಯಾಸ ಮಾಡಿಸಿದ್ದರು. ಕಂಪೆನಿಯ ವಕೀಲರು ಕೊನೆಯಲ್ಲಿ ತಮ್ಮ ವಾದವನ್ನು ಒಂದೊಂದೇ ವಾಕ್ಯವಾಗಿ ಹೇಳುತ್ತಾರೆ, ಪ್ರತಿಯೊಂದಕ್ಕೂ 'ಸರಿಯಲ್ಲ' ಎನ್ನಬೇಕು. ಅದು ಎಲ್ಲ ಮೊಕದ್ದಮೆಯಲ್ಲಿಯೂ ನಡೆಯುವ ಕ್ರಮ. ಕೇಳುವವರಿಗೂ ಉತ್ತರ ಗೊತ್ತಿರುತ್ತದೆ, ಬರೆದುಕೊಳ್ಳುವವರ ಬೆರಳಿಗೂ ಗೊತ್ತಿರುತ್ತದೆ.

"ನಿಮ್ಮ ಗಂಡ ಅತಿ ವೇಗದಲ್ಲಿ ಬರುತ್ತಿದ್ದರು."

"ಸರಿಯಲ್ಲ."

"ಅಪಘಾತಕ್ಕೆ ಅವರೂ ಕಾರಣರು."

"ಸರಿಯಲ್ಲ."

"ಅವರ ಆದಾಯವನ್ನು ನೀವು ಹೆಚ್ಚು ಮಾಡಿ ತೋರಿಸಿದ್ದೀರಿ."

"ಸರಿಯಲ್ಲ."

ವಕೀಲರು ಕಡತದ ಪುಟ ಮಗುಚುತ್ತಾ ಮುಂದಿನದನ್ನು ಓದಿದರು. "ಅಪಘಾತ ನಡೆದದ್ದು 11.52ಕ್ಕೆ ಮೊದಲು. ವಿಮೆಯ ಹಣಕ್ಕಾಗಿ ನೀವೂ ಒಂದನೇ ಎದುರುದಾರ ಯೂಸ್ಟೇಸ್ ಅವರೂ ಸೇರಿ ಸಮಯವನ್ನು ಬದಲಿಸಿದ್ದೀರಿ."

"ಸರಿ" ಎಂದಳು ನಿರೀಕ್ಷಾ.

ಬೆರಳಚ್ಚು ಮಾಡುತ್ತಿದ್ದವರು 'ಸರಿಯಲ್ಲ' ಎಂದೇ ಹೊಡೆದಿದ್ದರು. ತಡೆದು ತಲೆಯೆತ್ತಿದರು. ಕಂಪೆನಿಯ ವಕೀಲರೂ ಎತ್ತಿದರು. ಕಾಸಿಂ ಮಾತ್ರ ತಲೆ ತಗ್ಗಿಸಿದರು.

"ಪ್ರಶ್ನೆ ಅರ್ಥವಾಯಿತೇನಮ್ಮ?" ಎಂದು ನ್ಯಾಯಾಧೀಶರು ಕೇಳಿದರು. "ನೀವು ಪ್ರಮಾಣ ಮಾಡಿದ್ದೀರಿ. ದೂರಿನಲ್ಲಿ ಬೇರೆ ಹೇಳಿದ್ದೀರಿ. ಇದರ ಪರಿಣಾಮ ಗೊತ್ತುಂಟಲ್ಲ?"

"ಗೊತ್ತುಂಟು ಸರ್. ಹನ್ನೊಂದು ಮೂವತ್ತೈದಕ್ಕೆ ಆದದ್ದು. ಹನ್ನೊಂದು ಮೂವತ್ತೆಂಟಕ್ಕೆ ನಾನು ಫೋನ್ ಮಾಡಿದೆ. ಆಗ ಅವರು ಇರ್ಲಿಲ್ಲ. ಹನ್ನೆರಡು ಅಂತ ಹೇಳಿದ್ದು ನಾನು. ಅದನ್ನು ತೆಗೆದುಬಿಡಿ."

ನ್ಯಾಯಾಧೀಶರು ನಿಧಾನವಾಗಿ, ಒಂದೊಂದೇ ಪದವಾಗಿ ಹೇಳಿ ಬರೆಸಿದರು. ಅವಳು ಸಹಿ ಹಾಕಿದಳು. ಹೊರಗೆ ಜಗಲಿಯಲ್ಲಿ ಯೂಸ್ಟೇಸ್ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡಿದ್ದರು. ಅವಳ ಜೊತೆ ಗೇಟಿನ ತನಕ ನಡೆದು ಬಂದರು. ಕಾಸಿಂ ಹಿಂದಿನಿಂದ ಬಂದು, "ಹತ್ತು ತಿಂಗಳ ಕೆಲಸ ಮಾರಾಯ್ರೆ" ಎಂದರು. ಕಡತವನ್ನು ಕಂಕುಳಿಗೆ ಸಿಕ್ಕಿಸಿ, "ಆ ಟೀಚರನ್ನು ಸಾಕ್ಷಿಗೆ ಕರೀಬೇಕಾಗಿ ಬರ್ಲಿಲ್ಲ, ಅದೊಂದು ಒಳ್ಳೆಯದಾಯ್ತು" ಎಂದರು.

ತೀರ್ಪು ಏಪ್ರಿಲ್‌ನಲ್ಲಿ ಬಂತು. ಅಪಘಾತದ ಸಮಯದಲ್ಲಿ ವಿಮೆ ಇಲ್ಲದ್ದರಿಂದ ಕಂಪೆನಿಗೆ ಹೊಣೆಯಿಲ್ಲ. ಪರಿಹಾರವನ್ನು ಕಾರಿನ ಮಾಲಕರೇ ಕೊಡಬೇಕು. ಕಾರು ಹರಾಜಾಯಿತು. ಯೂಸ್ಟೇಸ್ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲು ಕೆಲಸಕ್ಕೆ ಸೇರಿದ್ದಾರೆ. ತಿಂಗಳಿಗೊಮ್ಮೆ ಬಂದು ಕೈಲಾದಷ್ಟು ಕೊಡುತ್ತಾರೆ. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳುವುದಿಲ್ಲ. ನಿರೀಕ್ಷಾ ಔಷಧದಂಗಡಿಯಲ್ಲಿ ಪೂರ್ತಿ ದಿನ ದುಡಿಯುತ್ತಾಳೆ. ಅನುಷ್ಕಾಳನ್ನು ಸರಕಾರಿ ಶಾಲೆಗೆ ಸೇರಿಸಿದ್ದಾರೆ. ಹತ್ತಿರ, ನಡೆದು ಹೋಗಬಹುದು. ರೇವತಿಯ ವಿಧಿ ಮುಗಿಸಿ, ಬಿಜೈಯ ಮನೆಯನ್ನು ಮುಚ್ಚಿ ನಾಲ್ವರೂ ಅತ್ತಾವರದ ಎರಡು ಕೋಣೆಗಳಿಗೆ ಬಂದಿದ್ದಾರೆ. ವಿಧಿಯ ದಿನ ಹಾಕಿದ ಎಲೆಯನ್ನು ಬಾಗಿ ಒಬ್ಬರೇ ಒಳಗೆ ಹೋಗಿ ನೋಡಿದರು. ಹೊರಗೆ ಬಂದು, ಸಾರಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತು ಎಂದರು. ಕೈಯಲ್ಲಿದ್ದ ಲೋಟದಲ್ಲಿ ನೀರು ಅರ್ಧಕ್ಕೆ ಇಳಿದಿತ್ತು.

ಕಳೆದ ವಾರ ಬೆಳಿಗ್ಗೆ ನಿರೀಕ್ಷಾಳಿಗೆ ಒಂದು ಫೋನ್ ಬಂತು. ಗುರುತಿಲ್ಲದ ಗಂಡಸಿನ ಧ್ವನಿ. "ಫ್ರಿಜ್ ರಿಪೇರಿಯ ಮುಖೇಶ್ ಅವರ ನಂಬರಾ ಇದು? ಹಳೇ ಚೀಟಿಯಲ್ಲಿ ಸಿಕ್ಕಿತು. ನಮ್ಮದು ಎರಡು ದಿನದಿಂದ ತಂಪಾಗುದಿಲ್ಲ."

"ಅವರು ತೀರಿಹೋಗಿದ್ದಾರೆ."

"ಅಯ್ಯೋ. ಗೊತ್ತಿರ್ಲಿಲ್ಲ. ಯಾವಾಗ?"

"ಹೋದ ವರ್ಷ ಮಾರ್ಚ್" ಎಂದಳು. "ಹನ್ನೊಂದು ಮೂವತ್ತೈದಕ್ಕೆ."

ಆ ಕಡೆಯವರು ಬೇರೆ ಯಾರಾದರೂ ಮೆಕ್ಯಾನಿಕ್ ಗೊತ್ತಿದ್ದಾರೆಯೇ ಎಂದು ಕೇಳಿದರು. ಅವಳು ಒಂದು ನಂಬರ್ ಕೊಟ್ಟಳು.